ಪ್ಲಾಟರ್‌ನಲ್ಲಿ ಪ್ಲಾನ್ ಪ್ರಿಂಟ್ ತೆಗೆಸೋರು ‘ಫಿಟ್’ ಅನ್ನೋ ಟಿಕ್ ಮೇಲೆ ಒಂದು ಕಣ್ಣಿಡಿ

ಮನೆ ಪ್ಲಾನ್ ಬರೆದು ಕೊಡೋದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಪ್ಲಾಟರ್‌ನಲ್ಲಿ, ಅಂದರೆ ರೋಲ್ ಪೇಪರ್ ಹಾಕೋ ದೊಡ್ಡ ಪ್ರಿಂಟರ್‌ನಲ್ಲಿ, ಪ್ರಿಂಟ್ ತೆಗೆಸುತ್ತಿದ್ದೇನೆ, ಆದರೂ ಹಾಳೆ ಅಡ್ಡನಾ ಉದ್ದನಾ ಅನ್ನೋ ಸಣ್ಣ ವಿಷಯಕ್ಕೆ ಒಂದು ಹಾಲ್ ಕೆಡಿಸಿಕೊಂಡೆ.

ಮರುದಿನ ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟ್, ಹಾಕೋದಿತ್ತು. ಸೆಂಟ್ರಿಂಗ್ ಮುಗಿದು ಕಂಬಿ ಕಟ್ಟಿದ್ದರು, ಎಲೆಕ್ಟ್ರಿಷಿಯನ್‌ಗೆ ಫ್ಯಾನ್ ಬಾಕ್ಸ್ (ಫ್ಯಾನ್ ನೇತುಹಾಕೋಕೆ ಕಾಂಕ್ರೀಟ್‌ನಲ್ಲಿ ಹೂತಿಡೋ ಡಬ್ಬಿ) ಇಡೋಕೆ ಲೈಟ್ ಪಾಯಿಂಟ್ ಡ್ರಾಯಿಂಗ್ ಬೇಕಿತ್ತು. ಎ1 ಹಾಳೆ, ಸ್ಕೇಲ್ 1:50, ಅಂದರೆ ಹಾಳೆ ಮೇಲಿನ 1 ಸೆಂ.ಮೀ. ಸೈಟ್‌ನಲ್ಲಿ 50 ಸೆಂ.ಮೀ. ಸಂಜೆ ಏಳರ ಹೊತ್ತಿಗೆ ಪೆನ್‌ಡ್ರೈವ್ ಹಿಡಿದು ಅಂಗಡಿಗೆ ಹೋದೆ.

ಅಲ್ಲಿ ಯಾವಾಗಲೂ 36 ಇಂಚಿನ ರೋಲ್ ಇರುತ್ತೆ. ಅಂದರೆ 914 ಮಿ.ಮೀ. ಅಗಲ. ಎ1 ಅಂದರೆ 841 ಇಂಟು 594 ಮಿ.ಮೀ., ಅದು ಆ ರೋಲ್ ಮೇಲೆ ಅಡ್ಡಕ್ಕೆ ಆರಾಮಾಗಿ ಕೂರುತ್ತೆ, ಪೇಪರ್ 594ರಷ್ಟೇ ಖರ್ಚಾಗುತ್ತೆ. ಹಾಗಾಗಿ ಅಂಗಡಿಯವರು ಸೆಟ್ಟಿಂಗ್ ಹಾಗೇ ಇಟ್ಟಿರ್ತಾರೆ. ಅವತ್ತು ಆ ರೋಲ್ ಖಾಲಿಯಾಗಿ 24 ಇಂಚಿನದು ಹಾಕಿದ್ದರು. ಅದು ಬರೀ 610 ಮಿ.ಮೀ. ಅದರಲ್ಲಿ ಎ1 ಬರಬೇಕು ಅಂದರೆ ಡ್ರಾಯಿಂಗ್ 90 ಡಿಗ್ರಿ ತಿರುಗಲೇಬೇಕು. ತಿರುಗಿಸಲಿಲ್ಲ. ಮೊದಲನೇ ಪ್ರಿಂಟ್‌ನಲ್ಲಿ ಬಲಗಡೆ ಒಂದು ಗೇಣು ಡ್ರಾಯಿಂಗೇ ಇಲ್ಲ, ಟೈಟಲ್ ಬ್ಲಾಕ್ (ಹೆಸರು, ಸ್ಕೇಲ್ ಬರೆದಿರೋ ಚೌಕ) ಪೂರ್ತಿ ಮಾಯ.

“ಒಂದ್ನಿಮಿಷ ಸಾರ್, ಸರಿ ಮಾಡ್ತೀನಿ” ಅಂದ ಹುಡುಗ, ‘ಫಿಟ್’ (ಡ್ರಾಯಿಂಗನ್ನು ಪೇಪರ್‌ಗೆ ಹೊಂದೋ ಹಾಗೆ ಕುಗ್ಗಿಸೋ ಆಯ್ಕೆ) ಅನ್ನೋದಕ್ಕೆ ಟಿಕ್ ಹಾಕಿ ಇನ್ನೊಂದು ಬಿಟ್ಟ. ನಾನು ಹೊರಗೆ ಟೀ ಕುಡಿಯುತ್ತಿದ್ದೆ. ಅವನನ್ನು ಬೈದು ಏನು ಪ್ರಯೋಜನ, ಪಕ್ಕದಲ್ಲಿ ನಿಂತು ನೋಡಬೇಕಾದವನು ನಾನು ಅಲ್ವಾ?

ಎರಡನೇದು ಎಷ್ಟು ಅಚ್ಚುಕಟ್ಟಾಗಿ ಬಂತು ಅಂದರೆ, ಅನುಮಾನ ಪಡೋಕೇ ಜಾಗ ಇರಲಿಲ್ಲ. 841 ಉದ್ದದ ಡ್ರಾಯಿಂಗ್ 600ಕ್ಕೆ ಕುಗ್ಗಿ ಹತ್ತಿರ ಹತ್ತಿರ ಎ2 ಆಗಿತ್ತು. ಎ1 ಆಗಲಿ ಎ2 ಆಗಲಿ, ಉದ್ದ ಅಗಲದ ಅನುಪಾತ ಒಂದೇ, ಹಾಗಾಗಿ ಎಲ್ಲೂ ಎಳೆದ ಹಾಗೆ ಕಾಣಲ್ಲ. ಮಾರ್ಜಿನ್ ಸರಿ, ಅಕ್ಷರ ಸರಿ, ಟೈಟಲ್ ಬ್ಲಾಕ್‌ನಲ್ಲಿ ಸ್ಕೇಲ್ 1:50 ಅಂತಲೇ ಇದೆ. ನಿಜಕ್ಕೂ ಅದು 1:70 ಆಗಿತ್ತು. ನಾನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಕೊಂಡು ಬಂದೆ.

ಬೆಡ್‌ರೂಮ್‌ಗಳಲ್ಲಿ ಏನೂ ತೊಂದರೆ ಆಗಲಿಲ್ಲ, ಅಲ್ಲಿ ಎಲೆಕ್ಟ್ರಿಷಿಯನ್ ಮೂಲೆಯಿಂದ ಮೂಲೆಗೆ ದಾರ ಎಳೆದು ನಡುಮಧ್ಯ ಬಾಕ್ಸ್ ಇಟ್ಟಿದ್ದ. ಗೋಡೆಗಳಿಗೆ ಅಳತೆ ಅಂಕಿಯಲ್ಲೇ ಬರೆದಿರುತ್ತೆ, ಅವೂ ಸರಿ. ಸಿಕ್ಕಿಬಿದ್ದಿದ್ದು ಹಾಲ್ ಮತ್ತು ಡೈನಿಂಗ್ ಒಂದೇ ಆಗಿದ್ದ ಉದ್ದನೆ ಜಾಗ. ಊಟದ ಟೇಬಲ್ ಮೇಲಿನ ಫ್ಯಾನ್‌ಗೆ ನಾನು ಅಂಕಿ ಬರೆದಿರಲಿಲ್ಲ (ಸೋಮಾರಿತನ, ಬೇರೇನಲ್ಲ). ಅವನು ಹಾಳೆ ಮೇಲೆ ಸ್ಕೇಲ್ ಇಟ್ಟ, 6 ಸೆಂಟಿಮೀಟರ್ ಬಂತು, ಐವತ್ತರಿಂದ ಗುಣಿಸಿ ಗೋಡೆಯಿಂದ 3 ಮೀಟರಿಗೆ ಬಾಕ್ಸ್ ಕಟ್ಟಿದ. ಸರಿಯಾದ ಹಾಳೆಯಲ್ಲಿ ಅದು 8.4 ಸೆಂ.ಮೀ., ಅಂದರೆ 4.2 ಮೀಟರ್. ನಾಲ್ಕು ಅಡಿ ವ್ಯತ್ಯಾಸ! ‘ಸ್ಕೇಲ್ ಇಟ್ಟು ಅಳೆಯಬೇಡಿ’ ಅಂತ ಪ್ರತಿ ಹಾಳೆಯಲ್ಲೂ ಬರೆದಿರ್ತೀವಿ, ಸೈಟ್‌ನಲ್ಲಿ ಅದನ್ನು ಯಾರು ಓದ್ತಾರೆ.

ಮೂರು ವಾರ ಆದಮೇಲೆ ಸೆಂಟ್ರಿಂಗ್ ಬಿಚ್ಚಿದಾಗ ಓನರ್ ಮೇಲೆ ನೋಡಿ, “ಏನ್ ಸಾರ್ ಇದು, ಫ್ಯಾನ್ ಸೋಫಾ ಹಿಂದೆ ತಿರುಗುತ್ತಾ?” ಅಂದರು. ನಾನು ಕಾರಿನಿಂದ ಹಾಳೆ ತಂದು ಬಿಚ್ಚಿದೆ. ಅಲ್ಲೇ ಟೇಪ್ ಹಿಡಿದೆ. ಬಾರ್ಡರ್ ಗೆರೆ ಅಳೆದ ತಕ್ಷಣ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು.

ಈಗ ನಾನು ಅಂಗಡಿಗೆ ಹೋದ ತಕ್ಷಣ ಕೇಳೋದು ಎಷ್ಟು ಇಂಚಿನ ರೋಲ್ ಹಾಕಿದ್ದೀರಿ ಅಂತ. 24 ಆದರೆ ಪ್ರಿವ್ಯೂನಲ್ಲಿ ಡ್ರಾಯಿಂಗ್ 90 ಡಿಗ್ರಿ ತಿರುಗಿರಬೇಕು, ಅಕ್ಷರ ಪಕ್ಕಕ್ಕೆ ಮಲಗಿದ ಹಾಗೆ ಕಾಣಬೇಕು, ಅದೇ ಸರಿ. ಲ್ಯಾಂಡ್‌ಸ್ಕೇಪ್ ಅನ್ನೋದು ಎರಡು ಕಡೆ ಇರುತ್ತೆ, ಫೈಲ್ ಪ್ರಿಂಟ್ ಕೊಡೋ ಕಡೆ ಒಂದು, ಪ್ಲಾಟರ್ ಸೆಟ್ಟಿಂಗ್‌ನಲ್ಲಿ ಇನ್ನೊಂದು. ಎರಡೂ ಕಡೆ ತಿರುಗಿಸಿದರೆ ಸುತ್ತು ಹೊಡೆದು ಮೊದಲಿನ ಹಾಗೇ ನಿಲ್ಲುತ್ತೆ, ಹಾಗಾಗಿ ಒಂದು ಕಡೆ ಮಾತ್ರ ಮುಟ್ಟಿ. ತುದಿ ಕತ್ತರಿಸಿ ಬಂದರೆ ‘ಫಿಟ್’ ಒತ್ತೋಕೆ ಬಿಡಬೇಡಿ, ‘ಆಕ್ಚುವಲ್ ಸೈಜ್’ ಇಟ್ಟು ಹಾಳೆ ತಿರುಗಿಸಿ. ಮತ್ತೆ ಪ್ರತಿ ಹಾಳೆಯ ಮೂಲೆಯಲ್ಲಿ ಸರಿಯಾಗಿ 100 ಮಿ.ಮೀ. ಉದ್ದದ ಗೆರೆ ಹಾಕ್ತೀನಿ. ಪ್ರಿಂಟ್ ಬಂದ ಮೇಲೆ ಅಂಗಡಿ ಕೌಂಟರ್ ಮೇಲೇ ಆ ಗೆರೆಗೆ ಸ್ಕೇಲ್ ಇಡ್ತೀನಿ. 71 ಬಂತೋ, ದುಡ್ಡು ಕೊಡಲ್ಲ.

ಆ ಹಾಲ್‌ಗೆ ಫಾಲ್ಸ್ ಸೀಲಿಂಗ್ ಹಾಕಿಸಿ ವೈರ್ ಅದರೊಳಗೆ ಎಳೆದೆವು. ಅರ್ಧ ದುಡ್ಡು ನನ್ನ ಜೇಬಿಂದ ಹೋಯಿತು.