ಡಾಯ್ಚ್‌ಲಾಂಡ್ ಟಿಕೆಟ್: 32 ತಿಂಗಳು ಬಳಸಿದ ಮೇಲೆ ಊರಿನವರಿಗೆ ಹೇಳಬೇಕಾದದ್ದು

ಟಿಕೆಟ್‌ಗೆ 1,676 ಯೂರೋ, ಹೆಸರಿನ ಗೊಂದಲಕ್ಕೆ 49 ಯೂರೋ, ತಪಾಸಣೆಯಲ್ಲಿ ಸಿಕ್ಕಿಬಿದ್ದದ್ದಕ್ಕೆ 7 ಯೂರೋ. 2023ರ ಮೇ ತಿಂಗಳಿನಿಂದ 2025ರ ಡಿಸೆಂಬರ್‌ವರೆಗೆ ಜರ್ಮನಿಯ ಬಸ್ಸು, ಟ್ರಾಮ್, ರೈಲುಗಳಲ್ಲಿ ಓಡಾಡಲು ನಾನು ತೆತ್ತ ಹಣದ ಲೆಕ್ಕ ಇಷ್ಟು. ಈಗ ರಜೆಗೆ ತುಮಕೂರಿಗೆ ಬಂದು ಕ್ಯಾತ್ಸಂದ್ರದ ಮನೆಯಲ್ಲಿದ್ದೇನೆ. ಪಕ್ಕದ ಬೀದಿಯ ಹುಡುಗಿಯೊಬ್ಬಳು ಏಪ್ರಿಲ್‌ನಲ್ಲಿ ಸ್ನಾತಕೋತ್ತರ ಓದಿಗೆ ಜರ್ಮನಿಗೆ ಹೊರಟಿದ್ದಾಳೆ. ಮೊನ್ನೆ ಅವಳ ತಂದೆ ಬಂದು ಕೇಳಿದ್ದು ಊಟ, ಚಳಿಯ ವಿಚಾರವನ್ನಲ್ಲ. ‘ಅಲ್ಲಿ ಓಡಾಟಕ್ಕೆ ಏನು ವ್ಯವಸ್ಥೆ? ಟಿಕೆಟ್ ಚೆಕಿಂಗ್‌ನವರು ಹಿಡಿದರೆ ವೀಸಾಕ್ಕೆ ತೊಂದರೆಯಾಗುತ್ತದೆಯೇ?’ ಎಂದು ಕೇಳಿದರು. ಅವರಿಗೆ ಜಗಲಿಯಲ್ಲಿ ನಿಂತು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲು ವಸ್ತುವಿನ ಪರಿಚಯ. 2022ರ ಜೂನ್, ಜುಲೈ, ಆಗಸ್ಟ್‌ನಲ್ಲಿ ಇಂಧನದ ಬೆಲೆ ಏರಿದಾಗ ಜರ್ಮನಿ ಸರ್ಕಾರ ತಿಂಗಳಿಗೆ 9 ಯೂರೋದ ಟಿಕೆಟ್ ಕೊಟ್ಟಿತು. ಜನ ಅದನ್ನು ಎಷ್ಟು ಮೆಚ್ಚಿದರೆಂದರೆ ಮುಂದಿನ ವರ್ಷ ಮೇ 1ರಂದು 49 ಯೂರೋದ ಕಾಯಂ ಮಾಸಿಕ ಟಿಕೆಟ್ ಬಂದಿತು. ಅದೇ ಡಾಯ್ಚ್‌ಲಾಂಡ್ ಟಿಕೆಟ್. 2025ರ ಜನವರಿಯಲ್ಲಿ ಬೆಲೆ 58 ಯೂರೋ ಆಯಿತು, 2026ರ ಜನವರಿಯಿಂದ 63 ಯೂರೋ. ಇದೊಂದು ಇದ್ದರೆ ಇಡೀ ದೇಶದ ನಗರ ಬಸ್ಸು, ಟ್ರಾಮ್, ಯು-ಬಾನ್ (ನೆಲದಡಿಯ ಮೆಟ್ರೊ), ಎಸ್-ಬಾನ್ (ಉಪನಗರ ರೈಲು) ಮತ್ತು ಪ್ರಾದೇಶಿಕ ರೈಲುಗಳ ಎರಡನೇ ದರ್ಜೆಯಲ್ಲಿ ಎಷ್ಟು ಬಾರಿ ಬೇಕಾದರೂ ಹೋಗಿಬರಬಹುದು. ಐಸಿಇ, ಐಸಿ ಎಂಬ ದೂರದ ವೇಗದ ರೈಲುಗಳಿಗೆ ಮಾತ್ರ ನಡೆಯುವುದಿಲ್ಲ. ಪ್ಲಾಟ್‌ಫಾರ್ಮ್‌ನಲ್ಲಿ ಎರಡೂ ಬಗೆಯ ರೈಲು ಒಂದರ ಹಿಂದೆ ಒಂದು ಬರುತ್ತವೆ. ಬಿಳಿ ಬಣ್ಣದ, ನುಣುಪು ಮೂತಿಯ ಐಸಿಇಗೆ ಅವಸರದಲ್ಲಿ ಹತ್ತಿಬಿಟ್ಟರೆ ಕೈಯಲ್ಲಿರುವ ಟಿಕೆಟ್‌ಗೆ ಬೆಲೆಯಿಲ್ಲ.

ತುಮಕೂರಿನಿಂದ ಬೆಂಗಳೂರಿಗೆ ನಾಲ್ಕು ವರ್ಷ ರೈಲಿನ ಮಾಸಿಕ ಪಾಸ್‌ನಲ್ಲಿ ಓಡಾಡಿದ ನನಗೆ ಪಾಸ್ ಎಂದರೆ ಎರಡು ಊರುಗಳ ನಡುವಿನ ಒಂದು ಗೆರೆ. ಹಿರೇಹಳ್ಳಿ, ದಾಬಸ್‌ಪೇಟೆ, ನಿಡವಂದ, ಕೊನೆಗೆ ಯಶವಂತಪುರ. ಆ ಗೆರೆ ದಾಟಿದರೆ ಬೇರೆ ಟಿಕೆಟ್. ಹೀಗಾಗಿ ಒಂದೇ ಪಾಸ್‌ನಲ್ಲಿ ಉತ್ತರದ ಸಮುದ್ರ ದಡದಿಂದ ದಕ್ಷಿಣದ ಆಲ್ಪ್ಸ್ ಬೆಟ್ಟಗಳ ಬುಡದವರೆಗೆ ಹೋಗಬಹುದು ಎಂಬುದನ್ನು ನಂಬಲು ನನಗೆ ಕೆಲವು ವಾರಗಳೇ ಬೇಕಾದವು. ರಾಜ್ಯೋತ್ಸವದ ಕಾರ್ಯಕ್ರಮಕ್ಕೆಂದು ಮೂರು ರೈಲು ಬದಲಿಸಿ, ಐದು ಗಂಟೆ ಪ್ರಯಾಣ ಮಾಡಿ, ಬೇರೊಂದು ನಗರದ ಕನ್ನಡಿಗರ ಜೊತೆ ಬಿಸಿಬೇಳೆಬಾತ್ ಉಂಡು ಅದೇ ರಾತ್ರಿ ಮರಳಿದ್ದೇನೆ. ಆ ದಿನ ಹೆಚ್ಚುವರಿಯಾಗಿ ಒಂದು ಸೆಂಟ್ ಕೂಡ ಖರ್ಚಾಗಲಿಲ್ಲ. ಒಂಟಿಯಾಗಿ ಪರದೇಶದಲ್ಲಿರುವವರಿಗೆ ಇದು ಎಷ್ಟು ದೊಡ್ಡ ಸೌಲಭ್ಯವೆಂದು ಅನುಭವಿಸಿದವರೇ ಬಲ್ಲರು. ಈ ಟಿಕೆಟ್ ಇಲ್ಲದಿದ್ದರೆ ನನ್ನ ಅನೇಕ ಭಾನುವಾರಗಳು ಕೋಣೆಯೊಳಗೇ ಕಳೆದುಹೋಗುತ್ತಿದ್ದವು.

ಇನ್ನು ತಪಾಸಣೆ. ನಮ್ಮ ಊರಿನಿಂದ ಹೋದವರು ಎಡವುವುದು ಇಲ್ಲಿಯೇ, ಅದಕ್ಕೆ ಕಾರಣವೂ ಇದೆ. ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಟಿಕೆಟ್ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ನಿರ್ವಾಹಕರು ಸೀಟಿನ ಬಳಿ ಬಂದು ಕೇಳುತ್ತಾರೆ, ಚಿಲ್ಲರೆ ಇಲ್ಲದಿದ್ದರೆ ಟಿಕೆಟ್‌ನ ಹಿಂಭಾಗದಲ್ಲಿ ಬಾಕಿ ಬರೆದುಕೊಡುತ್ತಾರೆ. ತಪಾಸಣಾಧಿಕಾರಿ ಹತ್ತಿದಾಗ ಟಿಕೆಟ್ ಇಲ್ಲದ ಪ್ರಯಾಣಿಕರಿದ್ದರೆ ನಿರ್ವಾಹಕರೂ ಉತ್ತರ ಹೇಳಬೇಕಾಗುತ್ತದೆ. ಅಂದರೆ ಹೊಣೆ ಇಬ್ಬರ ಹೆಗಲ ಮೇಲಿರುತ್ತದೆ. ಜರ್ಮನಿಯ ಟ್ರಾಮ್‌ಗಳಲ್ಲಿ ನಿರ್ವಾಹಕರಿಲ್ಲ, ನಿಲ್ದಾಣಗಳಲ್ಲಿ ತಡೆಗೇಟುಗಳಿಲ್ಲ. ಸುಮ್ಮನೆ ಹತ್ತಿ ಕುಳಿತುಕೊಳ್ಳಬಹುದು. ವಾರಗಟ್ಟಲೆ ಯಾರೂ ಕೇಳುವುದಿಲ್ಲ. ಕೇಳಿದ ದಿನ ಪೂರ್ತಿ ಹೊಣೆ ನಿಮ್ಮ ಒಬ್ಬರದೇ. ಹಣ ಕಟ್ಟಿದ್ದೀರಿ ಎಂಬುದು ಆ ಕ್ಷಣದಲ್ಲಿ ಸಾಕಾಗುವುದಿಲ್ಲ, ಕಟ್ಟಿದ್ದೀರಿ ಎಂದು ಅಲ್ಲಿಯೇ, ಆಗಲೇ ತೋರಿಸಬೇಕು.

ನಾನು ಸಿಕ್ಕಿಬಿದ್ದದ್ದು 2024ರ ನವೆಂಬರ್‌ನ ಒಂದು ಸಂಜೆ. ಕೆಲಸ ಮುಗಿಸಿ ಟ್ರಾಮ್‌ನಲ್ಲಿ ಬರುತ್ತಿದ್ದೆ. ಸಾಮಾನ್ಯ ಉಡುಪಿನ ಇಬ್ಬರು ಬಾಗಿಲು ಮುಚ್ಚಿದ ಕೂಡಲೇ ಗುರುತಿನ ಚೀಟಿ ಹೊರತೆಗೆದು ‘ಫಾರ್‌ಷೈನೆ ಬಿಟ್ಟೆ’ ಎಂದರು, ಟಿಕೆಟ್ ತೋರಿಸಿ ಎಂದು. ಮೊಬೈಲ್ ತೆಗೆದೆ. ಹಿಂದಿನ ರಾತ್ರಿ ಆ್ಯಪ್ ತನ್ನಷ್ಟಕ್ಕೆ ನವೀಕರಣಗೊಂಡು ನನ್ನನ್ನು ಹೊರಹಾಕಿತ್ತು. ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು. ಪಾಸ್‌ವರ್ಡ್ ನೆನಪಿತ್ತು, ನೆಟ್‌ವರ್ಕ್ ಇರಲಿಲ್ಲ. ಪರದೆಯ ಮೇಲೆ ವೃತ್ತವೊಂದು ತಿರುಗುತ್ತಲೇ ಇತ್ತು. ಬ್ಯಾಂಕ್‌ನಿಂದ ಹಣ ಕಡಿತವಾದ ಸಂದೇಶ ತೋರಿಸಿದೆ. ಅದು ಟಿಕೆಟ್ ಅಲ್ಲ ಎಂದರು. ಅವರು ಹೇಳಿದ್ದು ನಿಯಮದ ಪ್ರಕಾರ ಸರಿಯೇ. ನನ್ನ ವಾಸದ ಪರವಾನಗಿ ಕಾರ್ಡ್ ಪಡೆದು ಹೆಸರು, ಜನ್ಮದಿನಾಂಕ, ವಿಳಾಸ ಬರೆದುಕೊಂಡು 60 ಯೂರೋದ ಚೀಟಿ ಕೈಗಿತ್ತರು. ಡಬ್ಬಿಯಲ್ಲಿದ್ದವರೆಲ್ಲ ನೋಡುತ್ತಿದ್ದರು. ಅಲ್ಲಿ ಕಂದು ಮೈಬಣ್ಣದವಳು ನಾನೊಬ್ಬಳೇ. ಎರಡು ನಿಲ್ದಾಣ ಮೊದಲೇ ಇಳಿದು, ಚಳಿಯಲ್ಲಿ ನಡೆಯುತ್ತಾ ಅತ್ತೆ. ಹಣ ಕಟ್ಟಿಯೂ ಕಳ್ಳಿಯಂತೆ ನಿಲ್ಲಬೇಕಾದ ಆ ಐದು ನಿಮಿಷಗಳನ್ನು ನಾನು ಮರೆಯಲಾರೆ.

ರಾತ್ರಿ ಚೀಟಿಯ ಹಿಂಭಾಗದ ಸಣ್ಣ ಅಕ್ಷರಗಳನ್ನು ಅನುವಾದಿಸಿಕೊಂಡು ಓದಿದಾಗ ದಾರಿ ಕಂಡಿತು. ತಪಾಸಣೆಯ ಹೊತ್ತಿಗೆ ನಿಮ್ಮ ಹೆಸರಿನ ಟಿಕೆಟ್ ಚಾಲ್ತಿಯಲ್ಲಿತ್ತು, ತೋರಿಸಲು ಮಾತ್ರ ಆಗಲಿಲ್ಲ ಎಂದಾದರೆ ಒಂದು ವಾರದೊಳಗೆ ಹೋಗಿ ತೋರಿಸಬಹುದು. ಆಗ 60ರ ಬದಲು 7 ಯೂರೋ ಕಟ್ಟಿದರೆ ಸಾಕು. ಮರುದಿನ ಸೇವಾ ಕೇಂದ್ರಕ್ಕೆ ಹೋದೆ. ಕೌಂಟರ್‌ನಲ್ಲಿದ್ದ ಮಹಿಳೆ ಟಿಕೆಟ್ ನೋಡಿ, 7 ಯೂರೋ ಪಡೆದು ರಸೀದಿ ಕೊಟ್ಟರು. ಮುಗಿಯಿತು. ಇಷ್ಟು ಸುಲಭವಾಗಿ ಬಗೆಹರಿಯುವ ವಿಷಯವನ್ನು ಹಿಂದಿನ ಸಂಜೆ ಒಂದೇ ಒಂದು ವಾಕ್ಯದಲ್ಲಿ ಹೇಳಿದ್ದರೆ ನಾನು ಅಷ್ಟು ನೋಯುತ್ತಿರಲಿಲ್ಲ. ಈ ವ್ಯವಸ್ಥೆಯ ಬಗ್ಗೆ ನನ್ನ ನಿಜವಾದ ದೂರು ಇದೊಂದೇ. ಹಕ್ಕು ಇದೆ, ಆದರೆ ಭಾಷೆ ಬಾರದವರಿಗೆ ಅದನ್ನು ಬಾಯಿಬಿಟ್ಟು ಹೇಳುವವರಿಲ್ಲ.

ಆ ತಂದೆಯ ವೀಸಾ ಪ್ರಶ್ನೆಗೆ ಉತ್ತರವೂ ಇಲ್ಲಿದೆ. 60 ಯೂರೋ ಎಂಬುದು ನ್ಯಾಯಾಲಯ ವಿಧಿಸಿದ ಶಿಕ್ಷೆಯಲ್ಲ. ಸಾರಿಗೆ ಸಂಸ್ಥೆ ವಸೂಲು ಮಾಡುವ ಹೆಚ್ಚುವರಿ ಪ್ರಯಾಣ ದರ ಅದು. ನಮ್ಮ ರೈಲಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕರೆ ಪ್ರಯಾಣ ದರದ ಮೇಲೆ ಕನಿಷ್ಠ 250 ರೂಪಾಯಿ ಕಟ್ಟಿಸಿಕೊಳ್ಳುತ್ತಾರಲ್ಲ, ಹಾಗೆ. ಒಮ್ಮೆ ಇಂಥ ಚೀಟಿ ಸಿಕ್ಕಿದ್ದಕ್ಕೆ ನನ್ನ ವಾಸದ ಪರವಾನಗಿಗೆ ಏನೂ ಆಗಲಿಲ್ಲ, ನವೀಕರಣದ ವೇಳೆ ಯಾರೂ ಅದನ್ನು ಕೇಳಲೂ ಇಲ್ಲ. ಆದರೆ ಬೇಕೆಂದೇ ಟಿಕೆಟ್ ಇಲ್ಲದೆ ಪ್ರಯಾಣಿಸುವುದು ಜರ್ಮನಿಯ ದಂಡ ಸಂಹಿತೆಯ 265ಎ ಕಲಮಿನಡಿ ಅಪರಾಧ. ದಂಡದಿಂದ ಹಿಡಿದು ಒಂದು ವರ್ಷದವರೆಗಿನ ಜೈಲು ಶಿಕ್ಷೆಗೂ ಅವಕಾಶವಿದೆ. ಮತ್ತೆ ಮತ್ತೆ ಸಿಕ್ಕಿಬಿದ್ದವರ ಮೇಲೆ ಸಂಸ್ಥೆಗಳು ದೂರು ದಾಖಲಿಸುತ್ತವೆ. ವಿದೇಶಿಯರಿಗೆ ಅಪರಾಧದ ದಾಖಲೆ ಎಂದರೆ ಬೇರೆಯೇ ತೂಕ. ‘ಯಾರೂ ಕೇಳುವುದಿಲ್ಲ, ತಿಂಗಳಿಗೊಮ್ಮೆ 60 ಕಟ್ಟಿದರೂ ಲಾಭವೇ’ ಎಂದು ಲೆಕ್ಕ ಹೇಳುವ ಹಿರಿಯ ವಿದ್ಯಾರ್ಥಿಗಳು ಅಲ್ಲಿ ಸಿಗುತ್ತಾರೆ. ಅವರ ಮಾತು ಕೇಳಬೇಡಿ. ತಪಾಸಕರೊಂದಿಗೆ ವಾದಕ್ಕೆ ಇಳಿಯುವುದು, ಹೆಸರು ಹೇಳಲು ನಿರಾಕರಿಸುವುದು ಕೂಡ ಬೇಡ, ಗುರುತು ಪತ್ತೆಗೆ ಅವರು ಪೊಲೀಸರನ್ನು ಕರೆಸಬಹುದು. ಅನುಮಾನ ಬಂದರೆ ಅವರ ಗುರುತಿನ ಚೀಟಿ ತೋರಿಸಿ ಎಂದು ನೀವೂ ಕೇಳಬಹುದು. ರಸೀದಿ ಇಲ್ಲದೆ ನಗದು ಕೊಡಬೇಡಿ.

ಇನ್ನು ಆ 49 ಯೂರೋ. ಇದು ಇನಿಷಿಯಲ್ ಇಟ್ಟುಕೊಳ್ಳುವ ನಮ್ಮಂಥವರಿಗೆಂದೇ ಕಾದಿರುವ ಹೊಂಡ. ಶಾಲೆಯ ದಾಖಲೆಯಿಂದ ಹಿಡಿದು ತುಮಕೂರಿನ ಬ್ಯಾಂಕ್ ಪುಸ್ತಕದವರೆಗೆ ನನ್ನ ಹೆಸರಿನ ಜೊತೆ ಎರಡು ಇನಿಷಿಯಲ್‌ಗಳಿವೆ. ಪಾಸ್‌ಪೋರ್ಟ್‌ನಲ್ಲಿ ಅವು ಬಿಡಿಸಿಕೊಂಡು ಊರಿನ ಹೆಸರು, ತಂದೆಯ ಹೆಸರು ಎಲ್ಲ ಸಾಲಾಗಿ ನಿಂತಿವೆ. ಟಿಕೆಟ್ ಕೊಳ್ಳುವಾಗ ಅಭ್ಯಾಸಬಲದಿಂದ ಇನಿಷಿಯಲ್‌ಗಳನ್ನೇ ಬರೆದೆ. ಡಾಯ್ಚ್‌ಲಾಂಡ್ ಟಿಕೆಟ್ ಒಬ್ಬರ ಹೆಸರಿನದು, ಇನ್ನೊಬ್ಬರಿಗೆ ಕೊಡುವಂತಿಲ್ಲ. ತಪಾಸಣೆಯಲ್ಲಿ ಭಾವಚಿತ್ರವಿರುವ ಗುರುತಿನ ಚೀಟಿಯೊಂದಿಗೆ ತಾಳೆ ಹಾಕುತ್ತಾರೆ. 2023ರ ಜುಲೈ ಮಧ್ಯದಲ್ಲಿ ಪ್ರಾದೇಶಿಕ ರೈಲಿನ ತಪಾಸಕರೊಬ್ಬರು ಕಾರ್ಡ್ ಮತ್ತು ಮೊಬೈಲ್ ಎರಡನ್ನೂ ಹಿಡಿದು ಬಹಳ ಹೊತ್ತು ನೋಡಿದರು. ‘ಇವರಿಬ್ಬರೂ ಒಬ್ಬರೇ ಎಂದು ನಾನು ಹೇಗೆ ನಂಬಲಿ?’ ಎಂದು ಸಮಾಧಾನದಿಂದಲೇ ಕೇಳಿದರು. ದಕ್ಷಿಣ ಭಾರತದ ಹೆಸರಿಡುವ ಪದ್ಧತಿಯನ್ನು ನನ್ನ ಹರಕು ಜರ್ಮನ್‌ನಲ್ಲಿ ವಿವರಿಸಿದೆ. ಬಿಟ್ಟರು, ಸರಿಪಡಿಸಿಕೊಳ್ಳಿ ಎಂದು ಹೇಳಿ. ನಾನು ಕೊಂಡಿದ್ದ ಆ್ಯಪ್‌ನಲ್ಲಿ ಹೆಸರು ಬದಲಿಸಲು ಅವಕಾಶವಿರಲಿಲ್ಲ. ರದ್ದು ಮಾಡಿ ಹೊಸದು ಕೊಳ್ಳಬೇಕು. ಈ ಟಿಕೆಟ್ ತಿಂಗಳು ತಿಂಗಳು ತಾನಾಗಿಯೇ ಮುಂದುವರಿಯುವ ಚಂದಾ, ತಿಂಗಳ 10ರೊಳಗೆ ರದ್ದು ಮಾಡಿದರೆ ಮಾತ್ರ ಆ ತಿಂಗಳ ಕೊನೆಗೆ ನಿಲ್ಲುತ್ತದೆ. ದಿನಾಂಕ ದಾಟಿತ್ತು. ಆಗಸ್ಟ್‌ಗೆ ಎರಡು ಟಿಕೆಟ್‌ಗಳ ಹಣ ತೆತ್ತೆ.

ಅನುಭವದಿಂದ ಹೇಳುವುದಾದರೆ ಟಿಕೆಟನ್ನು ಎಲ್ಲೋ ಇರುವ ಆಕರ್ಷಕ ಆ್ಯಪ್‌ನಿಂದ ಕೊಳ್ಳುವ ಬದಲು, ನೀವಿರುವ ನಗರದ ಸಾರಿಗೆ ಸಂಸ್ಥೆಯಿಂದಲೇ ಕೊಳ್ಳಿ. ಬೆಲೆ ಒಂದೇ. ತೊಂದರೆ ಬಂದಾಗ ಹೋಗಿ ನಿಲ್ಲಲು ಒಂದು ಕೌಂಟರ್ ಇರುತ್ತದೆ. ಚಿಪ್ ಕಾರ್ಡ್ ಕೊಡುವವರಿದ್ದರೆ ಅದನ್ನೇ ಆರಿಸಿಕೊಳ್ಳಿ. ಕಾರ್ಡ್‌ಗೆ ಬ್ಯಾಟರಿ ಬೇಡ, ನೆಟ್‌ವರ್ಕ್ ಬೇಡ. ಕಾರ್ಡ್ ಅಂಚೆಯಲ್ಲಿ ಬರುತ್ತದೆ, ಆದ್ದರಿಂದ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ. ಹೆಸರಿಲ್ಲದ ಪೆಟ್ಟಿಗೆಗೆ ಅಲ್ಲಿನ ಅಂಚೆಯವರು ಪತ್ರ ಹಾಕದೆ ಹಿಂದಿರುಗಿಸುತ್ತಾರೆ. ಬ್ಯಾಂಕ್ ಖಾತೆಯಲ್ಲಿ ಹಣ ಇರಲಿ. ಕಡಿತ ವಿಫಲವಾದರೆ ಟಿಕೆಟ್ ತಡೆಹಿಡಿಯುತ್ತಾರೆ, ಅದು ತಿಳಿಯುವುದು ತಪಾಸಕರ ಯಂತ್ರ ಕೆಂಪು ತೋರಿಸಿದಾಗ. ವಿದ್ಯಾರ್ಥಿಗಳು ಮೊದಲು ತಮ್ಮ ವಿಶ್ವವಿದ್ಯಾಲಯದಲ್ಲಿ ವಿಚಾರಿಸಬೇಕು. ಇದೇ ಟಿಕೆಟ್ ಶೇ 60ರಷ್ಟು ಬೆಲೆಗೆ ಸೆಮಿಸ್ಟರ್ ಶುಲ್ಕದಲ್ಲಿಯೇ ಸೇರಿರುವ ವಿಶ್ವವಿದ್ಯಾಲಯಗಳು ಅನೇಕ ಇವೆ.

ಚಂದಾ ಶುರುವಾಗುವ ಮೊದಲ ದಿನಗಳಲ್ಲಿ ಬಿಡಿ ಟಿಕೆಟ್ ಕೊಳ್ಳಬೇಕಾಗುತ್ತದೆ. ಅನೇಕ ನಗರಗಳಲ್ಲಿ ಕಾಗದದ ಟಿಕೆಟ್ ಕೊಂಡರಷ್ಟೇ ಸಾಲದು, ಪ್ಲಾಟ್‌ಫಾರ್ಮ್‌ನಲ್ಲಿ ಅಥವಾ ವಾಹನದೊಳಗೆ ಇರುವ ಚಿಕ್ಕ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದ ಟಿಕೆಟ್ ಟಿಕೆಟೇ ಅಲ್ಲ. 2024ರ ಬೇಸಿಗೆಯಲ್ಲಿ ಅಮ್ಮ ಬಂದಾಗ ಇದನ್ನು ನಾನು ಒಂದು ಮಂತ್ರದಂತೆ ಹೇಳಿಕೊಟ್ಟಿದ್ದೆ. ಅಮ್ಮ ಇಲ್ಲಿ ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟನ್ನು ಬಳೆಗಳ ನಡುವೆ ಸಿಕ್ಕಿಸಿಕೊಂಡು ಸಿರಾಕ್ಕೋ ಗುಬ್ಬಿಗೋ ಹೋಗಿಬರುವವರು. ಅಲ್ಲಿಯೂ ಮುದ್ರೆ ಹಾಕಿಸಿದ ಟಿಕೆಟನ್ನು ಬಳೆಗಳ ನಡುವೆಯೇ ಇಟ್ಟರು. ಒಂಬತ್ತು ದಿನ ಯಾರೂ ಕೇಳಲಿಲ್ಲ. ‘ಕೇಳುವವರೇ ಇಲ್ಲವಲ್ಲ, ಇದು ಹೇಗೆ ನಡೆಯುತ್ತದೆ?’ ಎಂದು ಅಚ್ಚರಿಪಟ್ಟರು. ಹತ್ತನೇ ದಿನ ತಪಾಸಕರು ಬಂದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಕೈ ಚಾಚಿದರು. ಆ ತಪಾಸಕಿ ಬಳೆಗಳ ನಡುವಿನಿಂದ ಟಿಕೆಟ್ ಮೆಲ್ಲಗೆ ಎಳೆದುಕೊಂಡು, ಮುದ್ರೆ ನೋಡಿ, ಮತ್ತೆ ಅಲ್ಲಿಯೇ ಸಿಕ್ಕಿಸಿ ‘ಡಾಂಕೆ’ (ಧನ್ಯವಾದ) ಎಂದರು. ಎಲ್ಲ ತಪಾಸಣೆಗಳೂ ಕಹಿಯಲ್ಲ ಎಂದು ಹೇಳಲು ನನಗೆ ಈ ಒಂದು ನೆನಪು ಸಾಕು.

63 ಯೂರೋಗೆ ಇದು ಈಗಲೂ ತಕ್ಕ ವಸ್ತುವೇ? ಆರು ಸಾವಿರ ರೂಪಾಯಿಗೂ ಮೀರಿದ ಮೊತ್ತ. ಸಣ್ಣ ಊರಿನಲ್ಲಿದ್ದು ಸೈಕಲ್‌ನಲ್ಲಿ ಕಾಲೇಜಿಗೆ ಹೋಗುವವರಿಗೆ ಬೇಡ. ದಿನವೂ ಎರಡು ಬಾರಿ ಟ್ರಾಮ್ ಹತ್ತುವವರಿಗೆ, ವಾರಾಂತ್ಯದಲ್ಲಿ ಇನ್ನೊಂದು ಊರಿನ ಗೆಳೆಯರನ್ನು ಕಾಣಬೇಕೆನ್ನುವವರಿಗೆ ನಾನು ಹಿಂದೆಮುಂದೆ ನೋಡದೆ ಕೊಳ್ಳಿ ಎನ್ನುತ್ತೇನೆ. ಮೂರು ವರ್ಷವೂ ತುಂಬುವ ಮೊದಲೇ ಎರಡು ಬಾರಿ ಬೆಲೆ ಏರಿಸಿದ್ದು ನನಗೆ ಹಿಡಿಸಿಲ್ಲ, ಅದರಲ್ಲೂ ರೈಲುಗಳು ಅಷ್ಟೇ ತಡವಾಗಿ ಬರುತ್ತಿರುವಾಗ.

ಈ ಬಾರಿ ಡಿಸೆಂಬರ್ 8ರಂದೇ ಚಂದಾ ರದ್ದು ಮಾಡಿ ಊರಿಗೆ ಬಂದೆ, ಆದ್ದರಿಂದ ಜನವರಿಯ ಹಣ ಉಳಿಯಿತು. ಫೆಬ್ರವರಿಗೆ ಮತ್ತೆ ಕೊಳ್ಳುತ್ತೇನೆ, ಕಾರ್ಡ್ ರೂಪದಲ್ಲಿ. ಆ ಹುಡುಗಿಯನ್ನು ನಿನ್ನೆ ಮನೆಗೆ ಕರೆದು, ಪಾಸ್‌ಪೋರ್ಟ್ ತೆರೆಸಿ, ಅವಳ ಹೆಸರು ಅಲ್ಲಿ ಹೇಗಿದೆಯೋ ಹಾಗೆಯೇ ಒಂದು ಹಾಳೆಯ ಮೇಲೆ ಬರೆಸಿದೆ. ಅವಳಿಗೂ ಎರಡು ಇನಿಷಿಯಲ್‌ಗಳಿವೆ.