15 ಲೀಟರ್ ಗೀಸರ್, ಎಂಟು ವರ್ಷ ಬಳಸಿದ ಮೇಲೆ ಬರೀತಿರೋದು

ಗೀಸರ್ ಗೋಡೆಗೆ ನೇತಾಕಿ ವಾರ ಆಗಿರಲ್ಲ, "ಸೂಪರ್ ಪ್ರಾಡಕ್ಟ್, ನೀರು ಚೆನ್ನಾಗಿ ಕಾಯುತ್ತೆ" ಅಂತ ಐದು ಸ್ಟಾರ್ ಒತ್ತಿಬಿಡ್ತಾರೆ ಜನ. ವಾರದಲ್ಲಿ ಯಾವ ಗೀಸರ್ ತಾನೆ ನೀರು ಕಾಯ್ಸಲ್ಲ ಹೇಳಿ. ನಾನೂ 2017ರ ನವೆಂಬರ್‌ನಲ್ಲಿ ಹಾಗೇ ಒತ್ತಿದ್ದೆ, ಸುಳ್ಳು ಯಾಕೆ. ಈಗ ಎಂಟು ವರ್ಷ ಆಗ್ತಾ ಬಂತು, ಅದೇ ಗೀಸರ್ ಇನ್ನೂ ಗೋಡೆ ಮೇಲಿದೆ, ಒಳಗಿನ ಅರ್ಧ ಸಾಮಾನು ಮಾತ್ರ ಬೇರೆ. ಕಂಪನಿ ಹೆಸರು ಹಾಕಲ್ಲ, ಯಾಕಂದ್ರೆ ಆಗಿದ್ದರಲ್ಲಿ ಕಂಪನಿ ತಪ್ಪಿಗಿಂತ ನಮ್ಮ ತಪ್ಪು ಮತ್ತೆ ನಾವು ಕರೆಸಿದ ರಿಪೇರಿಯವರ ತಪ್ಪೇ ಜಾಸ್ತಿ.

ನಮ್ಮನೆ ತುಮಕೂರಲ್ಲಿ. ಹೇಮಾವತಿ ನೀರು ಬಿಟ್ಟಾಗ ಸಂಪು ತುಂಬಿಸ್ಕೋತೀವಿ, ಉಳಿದ ದಿನ ಬೋರ್ ನೀರೇ. ಬೋರ್ ನೀರು ಅಂದ್ರೆ ನಿಮಗೆ ಗೊತ್ತಲ್ಲ, ಸ್ಟೀಲ್ ಕೊಡದ ಕಂಠದಲ್ಲಿ ಬಿಳೀ ಗೆರೆ, ನಲ್ಲಿ ಬಾಯಲ್ಲಿ ಬಿಳೀ ಉಪ್ಪು, ಸೋಪು ಉಜ್ಜಿದ್ರೂ ನೊರೆ ಬರಲ್ಲ. ಗೀಸರ್ 2000 ವ್ಯಾಟ್‌ದು, ನಿಂತ ಮಾದರಿ, ಒಳಗೆ ಗ್ಲಾಸ್ ಲೈನಿಂಗ್ ಟ್ಯಾಂಕು, ಐಎಸ್ 2082 ಅಂತ ಐಎಸ್‌ಐ ಗುರುತು, ಎಲ್ಲಾ ಸರಿಯಾಗೇ ನೋಡಿ ತಗೊಂಡಿದ್ವಿ. ಚಳಿಗಾಲದಲ್ಲಿ ತಣ್ಣೀರಿಂದ ಶುರು ಮಾಡಿ 60 ಡಿಗ್ರಿ ಹತ್ರ ಬರೋಕೆ 20 ನಿಮಿಷ ಬೇಕು, ಹತ್ತತ್ರ ಮುಕ್ಕಾಲು ಯೂನಿಟ್ ಕರೆಂಟು. ಇಬ್ಬರ ಸ್ನಾನಕ್ಕೆ ಧಾರಾಳ, ನಮ್ಮತ್ತೆ ಮೊದಲು ಹೋದ್ರೆ ಒಬ್ಬರಿಗೆ.

ಮೊದಲ ಮೂರು ವರ್ಷ ಅದೊಂದು ಮನೇಲಿದೆ ಅನ್ನೋದೇ ಮರೆತುಹೋಗಿತ್ತು. ಆಮೇಲೆ ಶಬ್ದ ಶುರುವಾಯ್ತು. ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಒಳಗಿಂದ ಚಟಚಟ, ಕೊತಕೊತ, ಕಡ್ಲೆ ಹುರಿದ ಹಾಗೆ. ನೀರು ಕಾಯೋಕೆ 20 ನಿಮಿಷ ಇದ್ದಿದ್ದು 35 ಆಯ್ತು. ಸರ್ವಿಸ್‌ನವರು ಬಂದು ಕೆಳಗಿನ ಪ್ಲೇಟ್ ಬಿಚ್ಚಿದಾಗ ಎರಡು ಬೊಗಸೆ ಸುಣ್ಣದ ಚಕ್ಕೆ ಬಕೆಟ್‌ಗೆ ಬಿತ್ತು. ಕಾಯಿಲ್ ಮೇಲೆ ಬೆರಳು ದಪ್ಪ ಬಿಳೀ ಕೋಟು. ಹೀಗೆ ಕೋಟು ಕೂತ್ರೆ ಕಾಯಿಲ್‌ನ ಶಾಖ ನೀರಿಗೆ ಸೇರೋದೇ ಕಷ್ಟ ಆಗುತ್ತೆ, ಕಾಯಿಲ್ ತಾನೇ ಒಳಗೊಳಗೆ ಬೇಯುತ್ತೆ, ಒಂದು ದಿನ ಸೀಳು ಬಿಡುತ್ತೆ. ಅದರ ಜೊತೆ ಇನ್ನೊಂದು ಕಡ್ಡಿ ಇರುತ್ತೆ, ಆನೋಡ್ ಅಂತಾರೆ, ಮೆಗ್ನೀಸಿಯಂದು. ಟ್ಯಾಂಕಿನ ಉಕ್ಕು ತುಕ್ಕು ಹಿಡಿಯೋ ಬದಲು ಅದು ಸವೆದುಹೋಗ್ಲಿ ಅಂತ್ಲೇ ಇಟ್ಟಿರ್ತಾರೆ. ನಮ್ಮದು ಸವೆದು ಬರೀ ನಡುವಿನ ತಂತಿ ಉಳಿದಿತ್ತು. ಇನ್ನೊಂದು ವರ್ಷ ಬಿಟ್ಟಿದ್ರೆ ಟ್ಯಾಂಕೇ ತೂತು, ಟ್ಯಾಂಕ್ ತೂತಾದ್ರೆ ರಿಪೇರಿ ಇಲ್ಲ, ಗುಜರಿಗೆ ಅಷ್ಟೆ. ಬೋರ್ ನೀರಿನೋರು ವರ್ಷಕ್ಕೊಂದು ಸಲ ಬಿಚ್ಚಿಸಿ ನೋಡ್ಲೇಬೇಕು. ಗಡಸು ನೀರಿಂದ ಆಗೋ ತೊಂದ್ರೆ ವಾರಂಟಿಗೆ ಬರಲ್ಲ ಅಂತ ನಮ್ಮ ಕಾರ್ಡ್ ಹಿಂದೆ ಇರುವೆ ಅಕ್ಷರದಲ್ಲಿ ಬರ್ದಿತ್ತು, ನಾನು ಕನ್ನಡಕ ಹಾಕ್ಕೊಂಡು ಓದಿದ್ದು ನಾಲ್ಕನೇ ವರ್ಷ.

ಇಷ್ಟು ಪೀಠಿಕೆ. ಈಗ ಅಸಲಿ ವಿಷಯ.

2022ರ ದೀಪಾವಳಿ, ಹಬ್ಬದ ನಡುವೆ ಸೂರ್ಯಗ್ರಹಣ ಬಂದಿತ್ತಲ್ಲ, ಆ ವರ್ಷ. ನೀರು ತುಂಬೋ ಹಬ್ಬದ ಸಾಯಂಕಾಲ. ನಮ್ಮತ್ತೆ ಹಂಡೆ ಕಾಲದವರು, ಈಗ ಬಚ್ಚಲೊಲೆ ಇಲ್ಲ ಅಂತ ಗೀಸರ್‌ಗೇ ಅರಿಶಿನ ಕುಂಕುಮ ಹಚ್ಚಿ ಒಂದು ಎಳೆ ಚೆಂಡುಹೂವು ಸಿಕ್ಕಿಸ್ತಾರೆ. ಪೂಜೆ ಎಲ್ಲಾ ಆಯ್ತು, ಸ್ವಿಚ್ ಹಾಕಿದ್ರೆ ಲೈಟೇ ಇಲ್ಲ. ಬೆಳಗಿನ ಜಾವ ಮನೆ ತುಂಬ ಜನ ಎಣ್ಣೆ ಸ್ನಾನ ಮಾಡ್ಬೇಕು. ಹುಡುಕಿ ಹುಡುಕಿ ಒಬ್ಬ ಹುಡುಗನ್ನ ಕರ್ಕೊಂಡು ಬಂದ್ರು ನಮ್ಮನೆಯವರು. ಅವನು ಕೆಳಗಿನ ಮುಚ್ಚಳ ಬಿಚ್ಚಿ ನೋಡಿ "ಅಕ್ಕಾ, ಕಟೌಟ್ ಹೋಗಿದೆ, ಇವತ್ತು ಅಂಗಡಿ ಇರಲ್ಲ, ಸದ್ಯಕ್ಕೆ ಡೈರೆಕ್ಟ್ ಮಾಡಿರ್ತೀನಿ, ಹಬ್ಬ ಮುಗಿಸ್ಕೊಂಡು ಹೊಸದು ಹಾಕಣ" ಅಂದ. ಕಟೌಟ್ ಅನ್ನೋ ಪುಟ್ಟ ಸೇಫ್ಟಿ ಸಾಮಾನು ಇದ್ದ ಜಾಗಕ್ಕೆ ಒಂದು ವೈರ್ ತುಂಡು, ಐದು ನಿಮಿಷ, 200 ರೂಪಾಯಿ. ಬೆಳಗ್ಗೆ ಎಲ್ಲರಿಗೂ ಬಿಸಿನೀರು. ಅವನಿಗೆ ಹೋಳಿಗೆ ಬೇರೆ ಕಟ್ಟಿಕೊಟ್ವಿ.

ಹಬ್ಬ ಮುಗೀತು, ಕಟೌಟ್ ಹಾಕಿಸ್ಲಿಲ್ಲ. ನೀರು ಕಾಯ್ತಿದೆಯಲ್ಲ, ಇನ್ಯಾಕೆ ಅಂತ.

ಅದೇ ಡಿಸೆಂಬರ್‌ನಲ್ಲಿ ಇನ್ನೊಂದು ರಗಳೆ. ಗೀಸರ್ ಕೆಳಗೆ ತಣ್ಣೀರು ಪೈಪ್ ಹತ್ರ ಒಂದು ಹಿತ್ತಾಳೆ ವಾಲ್ವ್ ಇರುತ್ತೆ, ಸೇಫ್ಟಿ ವಾಲ್ವ್, ಅದರ ಪುಟ್ಟ ಬಾಯಿಂದ ನೀರು ತೊಟ್ಟಿಕ್ಕೋಕೆ ಶುರುವಾಯ್ತು. ನೆಲ ಯಾವಾಗ್ಲೂ ಒದ್ದೆ, ಅತ್ತೆ ಎಲ್ಲಿ ಜಾರ್ತಾರೋ ಅಂತ ಭಯ. ಪ್ಲಂಬರ್ ಬಂದ, ನೋಡಿದ, "ಇದಕ್ಕೆ ಒಂದು ಡಮ್ಮಿ ಹಾಕಿ ಬಂದ್ ಮಾಡ್ಬಿಡ್ತೀನಿ ಮೇಡಂ, ಎಲ್ಲಾ ಕಡೆ ಹಂಗೇ ಮಾಡೋದು" ಅಂದ. ಚೀಲ ಪೂರ್ತಿ ತಡಕಿದ, ಆ ಅಳತೆ ಡಮ್ಮಿ ಇರ್ಲಿಲ್ಲ. ನಾಳೆ ತರ್ತೀನಿ ಅಂತ ಹೋದೋನು ಬರ್ಲೇ ಇಲ್ಲ. ಎರಡು ಸಲ ಫೋನ್ ಮಾಡಿ ಬೈದೆ ಕೂಡ. ಪ್ಲಂಬರ್ ಮಾತಿಗೆ ತಪ್ಪಿ ಒಂದು ಮನೆ ಉಳಿದಿದ್ದು ನಮ್ಮದೇ ಇರ್ಬೇಕು.

2023ರ ಜನವರಿ, ಒಂದು ಬೆಳಗ್ಗೆ ಆರೂವರೆ. ಮಗನ್ನ ಸ್ನಾನಕ್ಕೆ ಕಳಿಸೋಣ ಅಂತ ಹೋದ್ರೆ ಬಚ್ಚಲ ಬಾಗಿಲ ಸಂದಿಂದ ಹಬೆ ಬರ್ತಿದೆ. ಆನ್ ಮಾಡಿ ಮುಕ್ಕಾಲು ಗಂಟೆ ಆಗಿದೆ, ಕಾಯ್ತಿದೆ ಅನ್ನೋ ಕೆಂಪು ಲೈಟು ಆರಿಲ್ಲ. ಟ್ಯಾಂಕ್ ಒಳಗಿಂದ ಗುಡುಗುಡು, ಆ ವಾಲ್ವ್ ಬಾಯಿಂದ ಕುದಿನೀರು ಹಬೆ ಎರಡೂ ಪುಸ್ ಪುಸ್ ಅಂತ ಉಗೀತಿದೆ. ನಮ್ಮನೆಯವರು "ನಲ್ಲಿ ತಿರುಗಿಸ್ತೀನಿ, ಪ್ರೆಶರ್ ಇಳೀಲಿ" ಅಂತ ಒಳಗೆ ಕಾಲಿಟ್ಟೇಬಿಟ್ಟಿದ್ರು, ನಾನು ಶರ್ಟ್ ಹಿಡಿದು ಎಳೆದೆ. ನನಗೇನೂ ಅವಾಗ ವಿಜ್ಞಾನ ಗೊತ್ತಿರ್ಲಿಲ್ಲ, ಕುಕ್ಕರ್ ವಿಷಲ್ ಬಡ್ಕೋವಾಗ ಮುಚ್ಚಳ ತೆಗಿಯಲ್ಲ ತಾನೆ, ಅಷ್ಟೇ ತಲೆಗೆ ಬಂದಿದ್ದು. ಬಚ್ಚಲ ಹತ್ರದ ಸ್ವಿಚ್‌ಗೂ ಕೈ ಹಾಕ್ಲಿಲ್ಲ, ಅಲ್ಲೆಲ್ಲಾ ಹಬೆ ನೀರು. ವರಾಂಡದ ಬೋರ್ಡ್‌ಗೆ ಓಡಿ ಎಂಸಿಬಿ ಇಳಿಸಿದೆ. ಬಚ್ಚಲ ಬಾಗಿಲು ಎಳೆದು, ಮಗನ್ನೂ ಅತ್ತೇನೂ ಅಂಗಳಕ್ಕೆ ಕರ್ಕೊಂಡು ಹೋದ್ವಿ. ಹತ್ತು ನಿಮಿಷಕ್ಕೆ ಉಗಿಯೋದು ನಿಲ್ತು. ಟ್ಯಾಂಕ್ ಸುತ್ತ ಫೋಮ್ ಇರೋದ್ರಿಂದ ಬಿಸಿ ಬೇಗ ಇಳಿಯಲ್ಲ, ಸಂಜೆ ನಲ್ಲಿ ಸಣ್ಣಗೆ ಬಿಟ್ಟಾಗ್ಲೂ ಕೈ ಇಡೋಕಾಗದಷ್ಟು ಸುಡ್ತಿತ್ತು.

ಬೆಳಗ್ಗೇನೇ ನಲ್ಲಿ ತಿರುಗಿಸಿದ್ರೆ ಏನಾಗ್ತಿತ್ತು ಅಂತ ಆಮೇಲೆ ಸರ್ವಿಸ್ ಸೆಂಟರ್‌ನ ವಯಸ್ಸಾದ ಮೆಕ್ಯಾನಿಕ್ ಒಬ್ರು ಹೇಳಿದ್ರು. ಒತ್ತಡದಲ್ಲಿರೋ ನೀರು ನೂರು ಡಿಗ್ರಿ ದಾಟಿದ್ರೂ ನೀರಾಗೇ ಇರುತ್ತೆ, ಹೊರಗೆ ಬಂದ ಕ್ಷಣ ಅದರಲ್ಲಿ ಒಂದು ಪಾಲು ಹಬೆ ಆಗಿ ಮುಖಕ್ಕೇ ಹೊಡಿಯುತ್ತೆ. ಒಂದು ಲೋಟ ನೀರು ಪೂರ್ತಿ ಆವಿ ಆದ್ರೆ 1600 ಲೋಟದಷ್ಟು ಜಾಗ ಕೇಳುತ್ತೆ ಅಂದ್ರು. ಆ ವಾಲ್ವ್‌ಗೆ ಡಮ್ಮಿ ಬಿದ್ದಿದ್ರೆ ಅಷ್ಟು ಜಾಗಕ್ಕೆ ಅದು ಟ್ಯಾಂಕ್ ಒಡ್ಕೊಂಡೇ ಹೋಗ್ಬೇಕಿತ್ತು. ಟ್ಯಾಂಕ್ ಇರೋ ಗೋಡೆ ಆಚೆ ಮಗ ಮಲಗೋ ರೂಮು. ಇದನ್ನ ಟೈಪ್ ಮಾಡೋವಾಗ ಈಗ್ಲೂ ಕೈ ತಣ್ಣಗಾಗುತ್ತೆ.

ಬಿಚ್ಚಿದಾಗ ಗೊತ್ತಾಗಿದ್ದು ಏನಂದ್ರೆ ನೀರು ಕಾದ ಮೇಲೆ ಕರೆಂಟ್ ನಿಲ್ಲಿಸೋ ಥರ್ಮೋಸ್ಟಾಟ್‌ನ ಪಾಯಿಂಟ್ ಎರಡೂ ಸುಟ್ಟು ಅಂಟ್ಕೊಂಡಿದೆ, ನೀರು ಕಾದ್ರೂ ಬಿಡ್ತಿಲ್ಲ. ಅದು ಅಂಟ್ಕೊಂಡ್ರೆ ಕರೆಂಟ್ ಕಡಿಯೋಕೆ ಅಂತ್ಲೇ ಕಟೌಟ್ ಇರೋದು. ಅಂದ್ರೆ ದೀಪಾವಳಿ ಹಿಂದಿನ ದಿನ ಕಟೌಟ್ ಕೆಟ್ಟಿರ್ಲೇ ಇಲ್ಲ! ಥರ್ಮೋಸ್ಟಾಟ್ ಆಗ್ಲೇ ಒಂದ್ಸಲ ಅಂಟ್ಕೊಂಡಿತ್ತು, ಇದು ತನ್ನ ಕೆಲಸ ತಾನು ಮಾಡಿ ಬಿದ್ದಿತ್ತು, ನಾವು ಅದನ್ನೇ ತೆಗೆದು ವೈರ್ ಕಟ್ಟಿಸಿದ್ವಿ, ಮೇಲೆ ಹೋಳಿಗೆ. ವಾಲ್ವ್ ಕತೇನೂ ಅದೇ. 15 ಲೀಟರ್ ನೀರು ಕಾದ್ರೆ ಕಾಲು ಲೀಟರಷ್ಟು ಹಿಗ್ಗುತ್ತೆ, ವಾಪಸ್ ಪೈಪಿಗೆ ಹೋಗೋಕೆ ವಾಲ್ವ್ ಬಿಡಲ್ಲ, ಹಾಗಾಗಿ ಕಾಯೋವಾಗ ನಾಲ್ಕು ಹನಿ ಬೀಳೋದು ಮಾಮೂಲಿ. ತಣ್ಣಗಿರೋವಾಗ್ಲೂ ಬಿಡದೆ ಸುರೀತಿದ್ರೆ ಒಳಗೆ ಸುಣ್ಣದ ಚೂರು ಸಿಕ್ಕಿರ್ಬೋದು ಇಲ್ಲಾ ಪ್ರೆಶರ್ ಪಂಪ್ ಒತ್ತಡ ಜಾಸ್ತಿ ಇರ್ಬೋದು, ವಾಲ್ವ್ ಬದಲಾಯಿಸ್ಬೇಕು ಅಷ್ಟೇ ಹೊರತು ಅದರ ಬಾಯಿ ಮುಚ್ಚೋದಲ್ಲ. ಈಗ ನಾವು ಆ ಬಾಯಿಗೆ ಒಂದು ತೆಳು ಪೈಪ್ ಸಿಕ್ಕಿಸಿ ನೆಲದ ಜಾಲರಿವರೆಗೆ ಇಳಿಬಿಟ್ಟಿದ್ದೀವಿ, ತುದಿ ತೆರೆದೇ ಇದೆ. ನೆಲ ಒಣಗಿರುತ್ತೆ, ಅತ್ತೇನೂ ಜಾರಲ್ಲ. ಡಿಸೆಂಬರ್‌ನಲ್ಲೇ ಈ 40 ರೂಪಾಯಿ ಬುದ್ಧಿ ಹೊಳೀಬೇಕಿತ್ತು.

ಥರ್ಮೋಸ್ಟಾಟ್, ಕಟೌಟ್, ವಾಲ್ವ್, ಗ್ಯಾಸ್ಕೆಟ್, ಕ್ಲೀನಿಂಗ್ ಎಲ್ಲಾ ಸೇರಿ 2150 ಆಯ್ತು. ಸರ್ವಿಸ್‌ನವರು ಬಂದಿದ್ದು ನಾಲ್ಕನೇ ದಿನ, ಅದಕ್ಕೆ ಒಂದು ಸ್ಟಾರ್ ಕಟ್. ಆ ನಾಲ್ಕು ದಿನ ಬಕೆಟ್‌ಗೆ ಹಾಕೋ ಹೀಟರ್ ರಾಡ್ ಬಳಸೋಣ ಅಂದ್ರು ಇವ್ರು, ನಾನು ಒಪ್ಲಿಲ್ಲ. ಬೆಳಗಿನ ಗಡಿಬಿಡೀಲಿ ಪ್ಲಗ್ ತೆಗಿಯದೆ ನೀರಿಗೆ ಬೆರಳದ್ದಿ ನೋಡೋ ಚಟ ನಮ್ಮನೇಲಿ ಒಬ್ರಿಗಿದೆ, ಹೆಸರು ಬೇಡ. ಗ್ಯಾಸ್ ಮೇಲೆ ದಬರಿ ಇಟ್ಟು ಕಾಯಿಸಿದ್ವಿ. ಪಕ್ಕದ್ಮನೆಯವರು ಗ್ಯಾಸ್ ಗೀಸರ್ ಹಾಕ್ಸಿ, ಕರೆಂಟ್ ತಾಪತ್ರಯವೇ ಇಲ್ಲ ಅಂದ್ರು. ನಮ್ಮ ಬಚ್ಚಲಿಗೆ ಇರೋದು ಒಂದು ಗೇಣಗಲದ ಗಾಜಿನ ಕಿಟಕಿ. ಅಂಥ ಕಡೆ ಗ್ಯಾಸ್ ಉರಿದ್ರೆ ಕಾರ್ಬನ್ ಮಾನಾಕ್ಸೈಡ್ ತುಂಬ್ಕೊಳ್ಳುತ್ತೆ, ಅದಕ್ಕೆ ವಾಸನೆ ಇಲ್ಲ ಬಣ್ಣ ಇಲ್ಲ, ತಲೆನೋವು, ತಲೆಸುತ್ತು ಅನ್ನೋಷ್ಟರಲ್ಲಿ ಚಿಲಕ ತೆಗಿಯೋ ಶಕ್ತೀನೂ ಇರಲ್ಲ. ಹಾಕಿಸೋದೇ ಆದ್ರೆ ಸಿಲಿಂಡರ್, ಗೀಸರ್ ಎರಡೂ ಬಚ್ಚಲ ಹೊರಗೆ ಗಾಳಿಯಾಡೋ ಕಡೆ ಇರ್ಬೇಕು, ನಮ್ಮನೇಲಿ ಆ ಜಾಗ ಇಲ್ಲ.

ಅದೇ ಸಮಯದಲ್ಲಿ ಬೋರ್ಡ್‌ಗೆ 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಿದ್ವಿ. ಎಂಸಿಬಿ ಇದೆಯಲ್ಲ ಇನ್ಯಾಕೆ ಅಂತ ನಾನೂ ಕೇಳಿದ್ದೆ. ನಮ್ಮ ಗೀಸರ್ ಎಳೆಯೋದೇ ಒಂಬತ್ತು ಆಂಪ್ ಹತ್ರ, ಎಂಸಿಬಿ 16ರದ್ದು, ಅದು ವೈರ್ ಸುಡದ ಹಾಗೆ ಕಾಯುತ್ತೆ, ಮನುಷ್ಯನ್ನಲ್ಲ. ಮೈ ಮೂಲಕ ಹರಿದು ಪ್ರಾಣ ತೆಗಿಯೋ ಕರೆಂಟು ಅದರ ಲೆಕ್ಕಕ್ಕೇ ಬರಲ್ಲ, ಅಷ್ಟು ಕಮ್ಮಿ. ಆರ್‌ಸಿಸಿಬಿ ಹೋದ ಕರೆಂಟು ಬಂದ ಕರೆಂಟು ತಾಳೆ ನೋಡುತ್ತೆ, ಸ್ವಲ್ಪ ಸೋರಿದ್ರೂ ಪಟ್ ಅಂತ ಬೀಳುತ್ತೆ.

2024ರ ಯುಗಾದಿ ಆದ್ಮೇಲೆ ಅದು ಬೀಳೋಕೆ ಶುರುವಾಯ್ತು. ಗೀಸರ್ ಹಾಕಿ ಐದು ನಿಮಿಷಕ್ಕೆ ಪಟ್, ಮನೆಯೆಲ್ಲಾ ಕತ್ತಲೆ, ಮಗನ ಕಾರ್ಟೂನು ಬಂದ್. ಬಂದ ಎಲೆಕ್ಟ್ರಿಷಿಯನ್ "ಇದು ತುಂಬಾ ಸೆನ್ಸಿಟಿವ್ ಅಕ್ಕಾ, ತೆಗೆದ್ಬಿಟ್ರೆ ಸರಿಹೋಗುತ್ತೆ" ಅಂದ. ಈ ರಾಗ ಎಲ್ಲೋ ಕೇಳಿದ್ದೀನಲ್ಲಾ ಅನ್ನಿಸ್ತು. ಅವನಿಗೆ ಕಾಫಿ ಕೊಟ್ಟು ಕಳಿಸಿ, ಪ್ಲಗ್ ಕಿತ್ತಿಟ್ಟು, ಸರ್ವಿಸ್‌ಗೆ ಫೋನ್ ಮಾಡಿದೆ. ಕಾಯಿಲ್ ಸೀಳು ಬಿಟ್ಟಿತ್ತು, ನೀರಿಗೆ ಕರೆಂಟ್ ಸೋರ್ತಿತ್ತು. ಬಂದ ಹುಡುಗ ಅರ್ಥಿಂಗ್ ಕೂಡ ಮೀಟರ್ ಇಟ್ಟು ನೋಡಿದ, ಬೇಸಿಗೆಗೆ ಅರ್ಥ್ ಗುಂಡಿ ಒಣಗಿ ಬೂದಿ ಆಗಿತ್ತು. ಆವತ್ತಿಂದ ಬೇಸಿಗೇಲಿ ವಾರಕ್ಕೆ ಎರಡು ಕೊಡ ನೀರು ಆ ಗುಂಡಿಗೆ, ಅತ್ತೆ ತುಳಸಿಗೆ ಹಾಕಿ ಬರ್ತಾ ಅದಕ್ಕೂ ಹಾಕ್ತಾರೆ. ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ ಅಂತ ಮನೇಲಿ ಯಾರಾದ್ರೂ ಹೇಳಿದ್ರೆ ನಿನ್ನ ಭ್ರಮೆ ಅನ್ಬೇಡಿ, ಮೊದಲು ಮೇನ್ ಇಳಿಸಿ. ಟೆಸ್ಟರ್ ಹಿಡ್ಕೊಂಡು ಒದ್ದೆ ನೆಲದ ಮೇಲೆ ನಿಂತು ಪರೀಕ್ಷೆ ಮಾಡೋ ಸಾಹಸ ಬೇಡ.

ಈಗ ನಾವು ನಡ್ಕೊಳ್ಳೋ ರೀತಿ ಹೇಳ್ತೀನಿ. ಡಯಲ್ 55ರಲ್ಲಿ ಇಟ್ಟಿದ್ದೀವಿ, 60 ಡಿಗ್ರಿ ನೀರು ಚರ್ಮ ಸುಡೋಕೆ ಐದಾರು ಸೆಕೆಂಡ್ ಸಾಕು, ಮಕ್ಕಳಿಗೆ ವಯಸ್ಸಾದೋರಿಗೆ ಅಷ್ಟೂ ಬೇಡ. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿ. ಸ್ವಿಚ್ ಆಫ್ ಮಾಡಿನೇ ಒಳಗೆ ಹೋಗೋದು. ಕೆಂಪು ಲೈಟು ಅರ್ಧ ಗಂಟೆ ದಾಟಿದ್ರೂ ಆರ್ಲಿಲ್ಲ ಅಂದ್ರೆ ಆಫ್, ಆವತ್ತು ಆ ಗೀಸರ್ ಮತ್ತೆ ಹಾಕಲ್ಲ. ಬಿಚ್ಚಿ ಜೋಡಿಸಿದ ದಿನ ಬಿಸಿನೀರಿನ ನಲ್ಲೀಲಿ ಧಾರೆ ಸರಿಯಾಗಿ ಬರೋವರ್ಗೂ ಸ್ವಿಚ್ ಮುಟ್ಟಲ್ಲ, ಖಾಲಿ ಟ್ಯಾಂಕಲ್ಲಿ ಕಾಯಿಲ್ ಉರಿದ್ರೆ ಹೊಸ ಕಾಯಿಲೂ ಅವತ್ತೇ ಢಮಾರ್. ರಿಪೇರಿಗೆ ಬಂದೋರು ಹೋಗೋ ಮುಂಚೆ ಮುಚ್ಚಳ ಹಾಕೋಕೆ ಬಿಡಲ್ಲ, ಮೊಬೈಲ್‌ನಲ್ಲಿ ಒಳಗಿನ ವೈರಿಂಗ್ ಫೋಟೋ ತೆಗೀತೀನಿ. ಕೆಲವರಿಗೆ ಸಿಟ್ಟು ಬರುತ್ತೆ, ಬರ್ಲಿ.

ಒಟ್ಟು ಲೆಕ್ಕ: ಗೀಸರ್ 7800, ಎಂಟು ವರ್ಷದಲ್ಲಿ ಸಾಮಾನು, ಸರ್ವಿಸ್ ಸೇರಿ 6400 ಹತ್ರ, ಆರ್‌ಸಿಸಿಬಿ ಬೇರೆ. ಟ್ಯಾಂಕ್ ಇನ್ನೂ ಸೋರಿಲ್ಲ, ನಮ್ಮ ಬೋರ್ ನೀರಲ್ಲಿ ಅದೇ ದೊಡ್ಡದು. ಐದಕ್ಕೆ ಮೂರೂವರೆ ಕೊಡ್ತೀನಿ. ಸರ್ವಿಸ್ ತಡಕ್ಕೆ ಒಂದು ಕಟ್ ಅಂತ ಆಗ್ಲೇ ಹೇಳ್ದೆ. ಇನ್ನರ್ಧ ಯಾಕಂದ್ರೆ ಅವರ ಪುಸ್ತಕದಲ್ಲಿ ವಾಲ್ವ್ ಬಗ್ಗೆ ಎರಡೇ ಸಾಲು, ಅದೂ ಇಂಗ್ಲಿಷು ಹಿಂದೀಲಿ. ನಮ್ಮ ಪ್ಲಂಬರ್‌ಗೂ ಅತ್ತೆಗೂ ಬರೋದು ಕನ್ನಡ.