ಇಎಸ್‌ಪಿ32ಕ್ಕೂ ಗಿರಣಿಯ ಡ್ರೈವಿಗೂ ನಡುವೆ: ಮೂರು ಆರ್‌ಎಸ್‌-485 ಮಾಡ್ಯೂಲ್‌ಗಳು

ಗಂಗಾವತಿಯ ಸಮೀಪದ ಒಂದು ಅಕ್ಕಿ ಗಿರಣಿಯಲ್ಲಿ ಎಲಿವೇಟರ್ ಮೋಟರಿನ ವೇಗವನ್ನು ನಿಯಂತ್ರಿಸುವ ಡ್ರೈವಿನಿಂದ ಕರೆಂಟ್ ಮತ್ತು ಫ್ರೀಕ್ವೆನ್ಸಿಗಳನ್ನು ಓದಿ ಕಚೇರಿಯ ಪರದೆಯಲ್ಲಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಡ್ರೈವಿನಲ್ಲಿ ಮಾಡ್‌ಬಸ್ ಆರ್‌ಟಿಯು (ಯಂತ್ರಗಳು ಪ್ರಶ್ನೆ-ಉತ್ತರದ ರೂಪದಲ್ಲಿ ಮಾತಾಡುವ ಒಂದು ಸಂವಹನ ಪದ್ಧತಿ) ಸೌಲಭ್ಯವಿತ್ತು, ಅದನ್ನು ಓದಬೇಕಾದ ಪುಟ್ಟ ಮೈಕ್ರೋಕಂಟ್ರೋಲರ್ ಇಎಸ್‌ಪಿ32 ಕಚೇರಿಯಲ್ಲಿತ್ತು, ನಡುವೆ ಸುಮಾರು 60 ಮೀಟರ್ ಕೇಬಲ್. ಹಳೆಯ ಸೀರಿಯಲ್ ಸಂಪರ್ಕವಾದ ಆರ್‌ಎಸ್‌-232 ಅಷ್ಟು ದೂರಕ್ಕೆ ಆಗಿಬರುವುದಿಲ್ಲವಾದ್ದರಿಂದ, ಎ ಮತ್ತು ಬಿ ಎಂಬ ಎರಡು ತಂತಿಗಳ ವೋಲ್ಟೇಜ್ ವ್ಯತ್ಯಾಸದಿಂದ ಸಂದೇಶವನ್ನು ದೂರಕ್ಕೆ ಒಯ್ಯುವ ಆರ್‌ಎಸ್‌-485ರ ಮೂರು ಬಗೆಯ ಮಾಡ್ಯೂಲ್‌ಗಳನ್ನು ಒಂದಾದ ಮೇಲೊಂದರಂತೆ 9600 ಬಾಡ್ (ಸೆಕೆಂಡಿಗೆ 9600 ಬಿಟ್) ವೇಗದಲ್ಲಿ ಕೂಡಿಸಿ ನೋಡಿದೆ.

ಮೊದಲನೆಯದು ಎಲ್ಲ ಅಂಗಡಿಗಳಲ್ಲೂ ಸಿಗುವ ಮ್ಯಾಕ್ಸ್‌485. ಇದು 5 ವೋಲ್ಟಿನದು, ಇಎಸ್‌ಪಿ32ರ ಪಿನ್‌ಗಳು 3.3 ವೋಲ್ಟಿನವು; ಹಾಗಾಗಿ ಮಾಡ್ಯೂಲ್ ಕೇಳಿದ್ದನ್ನು ಇಎಸ್‌ಪಿ32ಕ್ಕೆ ಕೊಡುವ ಆರ್‌ಒ ಪಿನ್ನಿಗೆ ಎರಡು ರೆಸಿಸ್ಟರ್‌ಗಳನ್ನು ಹಾಕಿ ವೋಲ್ಟೇಜನ್ನು ತಗ್ಗಿಸಬೇಕಾಯಿತು. ಕಳುಹಿಸುವುದೋ ಕೇಳುವುದೋ ಎಂಬುದನ್ನು ಡಿಇ ಪಿನ್ನಿನ ಮೂಲಕ ನಾವೇ ಹೇಳಬೇಕು. ಆರಂಭದಲ್ಲಿ ಡ್ರೈವ್ ಉತ್ತರವನ್ನೇ ಕೊಡಲಿಲ್ಲ. ಕೊನೆಯ ಬೈಟ್ ಹೊರಗೆ ಹೋಗಿ ಮುಗಿಯುವ ಮುನ್ನವೇ ನನ್ನ ಪ್ರೋಗ್ರಾಂ ಡಿಇಯನ್ನು ಕೆಳಗಿಳಿಸುತ್ತಿತ್ತು. ತಪ್ಪು ಪತ್ತೆಗೆಂದು ಕೊನೆಗೆ ಸೇರಿಸುವ ಸಿಆರ್‌ಸಿಯ ಬಾಲ ತುಂಡಾದ ಸಂದೇಶವನ್ನು ಡ್ರೈವ್ ಸದ್ದಿಲ್ಲದೆ ಕಸಕ್ಕೆ ಹಾಕುತ್ತಿತ್ತು. ಇಎಸ್‌ಪಿ32ರ ಯುಆರ್ಟ್‌ನಲ್ಲೇ (ಸೀರಿಯಲ್ ಸಂವಹನದ ಘಟಕ) ಇರುವ, ಕಳುಹಿಸಿ ಮುಗಿದ ಮೇಲಷ್ಟೇ ಡಿಇಯನ್ನು ತಾನೇ ಇಳಿಸುವ ಆರ್‌ಎಸ್‌-485 ಹಾಫ್ ಡುಪ್ಲೆಕ್ಸ್ ವಿಧಾನವನ್ನು ಚಾಲೂ ಮಾಡಿದ ಮೇಲೆ ಆ ತೊಂದರೆ ತೀರಿತು.

ಎರಡನೆಯದರಲ್ಲಿ ದಿಕ್ಕು ತಾನಾಗಿಯೇ ಬದಲಾಗುತ್ತದೆ, ಡಿಇ ಪಿನ್ನಿನ ಗೋಜೇ ಇಲ್ಲ. ಮೇಜಿನ ಮೇಲೆ ಹತ್ತು ನಿಮಿಷದಲ್ಲಿ ಕೆಲಸ ಮಾಡಿದ್ದನ್ನು ಕಂಡು, ಮೊದಲೇ ಇದನ್ನು ಕೊಳ್ಳಬಾರದಿತ್ತೇ ಎಂದು ನನ್ನನ್ನು ನಾನೇ ಬೈದುಕೊಂಡಿದ್ದೂ ಉಂಟು. ಗಿರಣಿಯಲ್ಲಿ ಸಿಗ್ನಲ್ ತುದಿಯಿಂದ ಪ್ರತಿಫಲಿಸಿ ಮರಳದಂತೆ ಕೇಬಲಿನ ಎರಡು ತುದಿಗಳಿಗೂ 120 ಓಮ್ ರೆಸಿಸ್ಟರ್ ಹಾಕಿದೊಡನೆ ಓದು ನಿಂತುಹೋಯಿತು. ಈ ಮಾಡ್ಯೂಲ್ ಸೊನ್ನೆಯನ್ನು ಮಾತ್ರ ಬಲವಾಗಿ ಕಳುಹಿಸುತ್ತದೆ, ಒಂದನ್ನು 10 ಕಿಲೋಓಮ್‌ನ ದುರ್ಬಲ ರೆಸಿಸ್ಟರ್‌ಗಳಿಗೆ ಬಿಟ್ಟುಬಿಡುತ್ತದೆ; ತುದಿಯ 120 ಓಮ್‌ಗಳ ಮುಂದೆ ಅವುಗಳ ಬಲ ಸಾಲದು. ಸಂದೇಶವಿಲ್ಲದ ಹೊತ್ತಿನಲ್ಲಿ ಎ-ಬಿ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಸುಮಾರು 10 ಮಿಲಿವೋಲ್ಟ್ ತೋರಿಸಿತು. ಒಂದು ಎಂದು ಖಚಿತವಾಗಿ ಗುರುತಿಸಲು ರಿಸೀವರಿಗೆ 200 ಮಿಲಿವೋಲ್ಟ್ ಬೇಕು.

ಮ್ಯಾಕ್ಸ್‌485ಕ್ಕೇ ಮರಳಿದೆ. ಮೋಟರ್ ನಿಂತಿರುವಾಗ ಎಲ್ಲವೂ ಸರಿ, ಓಡತೊಡಗಿದರೆ ತಪ್ಪುಗಳ ಸುರಿಮಳೆ. ಕಚೇರಿ ಮತ್ತು ಡ್ರೈವ್ ಎರಡೂ ಕಡೆಯ ಗ್ರೌಂಡ್‌ಗಳ ನಡುವೆ 9 ವೋಲ್ಟ್ ಎಸಿ ಕಂಡಿತು. ಅದರ ಪೀಕ್ 12 ವೋಲ್ಟನ್ನೂ ದಾಟುತ್ತದೆ. ಆರ್‌ಎಸ್‌-485 ತಡೆದುಕೊಳ್ಳುವ ಮಿತಿಯಾದರೋ ಮೈನಸ್ 7ರಿಂದ ಪ್ಲಸ್ 12 ವೋಲ್ಟ್.

ಆದ್ದರಿಂದ ಮೂರನೆಯದಾಗಿ ಐಸೋಲೇಟೆಡ್ (ಎರಡೂ ಬದಿಗಳ ನಡುವೆ ನೇರ ವಿದ್ಯುತ್ ಸಂಪರ್ಕವಿಲ್ಲದ) ಮಾಡ್ಯೂಲನ್ನು ತಂದೆ. ಬೆಲೆ ಹಲವು ಪಟ್ಟು ಹೆಚ್ಚು, ಆದರೂ ಗಿರಣಿಯಂಥ ಕಡೆ ನಾನು ಇನ್ನು ಬೇರೆಯದನ್ನು ಹಾಕುವುದಿಲ್ಲ. ಅದರ ಬಸ್ ಬದಿಯ ಗ್ರೌಂಡನ್ನು ಮೂರನೆಯ ತಂತಿಯಿಂದ ಡ್ರೈವಿನ ಸಿಗ್ನಲ್ ಗ್ರೌಂಡಿಗೆ ಸೇರಿಸಿದ ಮೇಲೆ, ಮೋಟರ್ ಓಡುವಾಗಲೂ ಓದು ತಪ್ಪಲಿಲ್ಲ. ಕೊಳ್ಳುವಾಗ ಮಾತ್ರ ಎಚ್ಚರ ಬೇಕು: ನಾನು ಮೊದಲು ತಂದ ಒಂದು ಅಗ್ಗದ ಮಾಡ್ಯೂಲಿನಲ್ಲಿ ಎರಡೂ ಬದಿಯ ಗ್ರೌಂಡ್‌ಗಳಿಗೆ ಕಂಟಿನ್ಯೂಯಿಟಿ ನೋಡಿದಾಗ ಮೀಟರ್ ಬೀಪ್ ಎಂದಿತು, ಅಂದರೆ ಅವು ಒಳಗೇ ಸೇರಿಕೊಂಡಿದ್ದವು. ಅದನ್ನು ಹಿಂದಿರುಗಿಸಿದೆ. ತಾನಾಗಿ ದಿಕ್ಕು ಬದಲಿಸುವ ಮಾಡ್ಯೂಲ್ ಈಗಲೂ ನನ್ನ ಮೇಜಿನ ಮೇಲಿದ್ದು, ಒಂದು ಮೀಟರ್ ತಂತಿಯಲ್ಲಿ ಎನರ್ಜಿ ಮೀಟರ್‌ಗಳನ್ನು ಪರೀಕ್ಷಿಸಲು ಬಳಕೆಯಾಗುತ್ತಿದೆ.